ಆರರಲ್ಲಿ ಎರಡು ದೀಪ

ದೊಡ್ಡವ್ವನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ವರ್ಷದಲ್ಲಿ ಎಂಟು ತಿಂಗಳು ಕಪ್ಪಗೇ ಇರುತ್ತಿದ್ದವು. ಮಳೆಗಾಲದಲ್ಲಿ ಹೊಗೆಸೊಪ್ಪು ಮುರಿದ ಅಂಟು, ಚಳಿ ಬಿದ್ದ ಮೇಲೆ ಅವರೆಕಾಯಿಯ ಸೊಗಡು. ಸೋಪು, ಸೀಗೆಪುಡಿ, ಬೂದಿ, ಯಾವುದಕ್ಕೂ ಅದು ಹೋಗುತ್ತಿರಲಿಲ್ಲ. ನನ್ನ ಮದುವೆಯಲ್ಲಿ ಅವಳು ನಮ್ಮ ತಲೆಯ ಮೇಲೆ ಹಾಕಿದ ಅಕ್ಷತೆ ಕೂಡ ಅವರೆಯ ವಾಸನೆ ಹೊಡೆಯುತ್ತಿತ್ತು. ನನ್ನ ಹೆಂಡತಿ ಈಗಲೂ ಅದನ್ನು ನೆನೆಸಿಕೊಂಡು ನಗುತ್ತಾಳೆ. ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಯಾಕೆ ಎಂದು ಹೇಳುತ್ತೇನೆ.

ಅವಳು ನನ್ನ ದೊಡ್ಡಪ್ಪನ ಹೆಂಡತಿ. ದೊಡ್ಡಪ್ಪ ತೀರಿಕೊಂಡಾಗ ನಾನಿನ್ನೂ ಕಾಲೇಜು ಓದುತ್ತಿದ್ದೆ. ಒಬ್ಬಳೇ ಮಗಳನ್ನು ಕೆ.ಆರ್. ನಗರದ ಕಡೆ ಕೊಟ್ಟಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ಕಟ್ಟೆಮಳಲವಾಡಿ ಕಡೆಯ ರಸ್ತೆಯಲ್ಲಿ ಬಸ್ಸು ನಿಲ್ಲುವ ನಮ್ಮೂರ ಗೇಟಿಗೆ ಅಂಟಿಕೊಂಡೇ ದೊಡ್ಡವ್ವನ ಒಂದೂವರೆ ಎಕರೆ ಹೊಲ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ನಾಲ್ಕು ಜನ ಮನೆ ಮುಂದೆ ಬಂದು ನಿಲ್ಲುತ್ತಾರೆ. ಅವರ ಮುಖ ನೋಡುವ ಮನಸ್ಸು ನನಗಿಲ್ಲ.

ಹೊಗೆಸೊಪ್ಪಿನ ಕಾಲದಲ್ಲಿ ದೊಡ್ಡವ್ವ ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬೇರೆಯವರ ಬ್ಯಾರನ್ನಿಗೆ ಸೊಪ್ಪು ಕಟ್ಟಲು ಹೋಗುತ್ತಿದ್ದಳು. ಸ್ವಂತ ಹೊಲದಲ್ಲಿ ಮಾತ್ರ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ. ರಾಗಿ ಕುಯ್ದ ಮೇಲೆ ಅವರೆ ಒಂದೇ ಹೊಲ ತುಂಬ ಹರಡಿಕೊಳ್ಳುತ್ತಿತ್ತು. ಅದು ಅವಳ ಅತ್ತೆಯ ಕಾಲದಿಂದ ಬಂದ ಬೀಜ. ದಪ್ಪ ಕಾಳು, ಗಿಡ್ಡ ಕಾಯಿ, ಮಂಜು ಬಿದ್ದರೆ ಕಾಯಿಯ ಮೇಲೆ ಎಣ್ಣೆ ಜಿನುಗುತ್ತಿತ್ತು. ಹಿತುಕಿದ ಬೇಳೆಯ ಸಾರು ಕುದಿಯುತ್ತಿದ್ದರೆ ರಸ್ತೆಯಲ್ಲಿ ಹೋಗುವವರಿಗೆ ಯಾರ ಮನೆ ಎಂದು ಗೊತ್ತಾಗಿಬಿಡುತ್ತಿತ್ತು. ಬಿತ್ತನೆ ಹತ್ತಿರ ಬಂದರೆ ಪಿರಿಯಾಪಟ್ಟಣದ ಹಾರನಹಳ್ಳಿಯಿಂದ, ಕೋಟೆ ತಾಲೂಕಿನ ಹಂಪಾಪುರದಿಂದ ಬಸ್ಸಿಳಿದು ಬಂದು ಬೀಜ ಕೇಳುತ್ತಿದ್ದರು. ಅವಳು ಯಾರಿಗೂ ಇಲ್ಲ ಎಂದವಳಲ್ಲ. ಮಡಿಲಿಗೆ ಒಂದು ಬೊಗಸೆ ಸುರಿದು, "ಬೆಳೆದ್ ಮ್ಯಾಲೆ ಒಂದ್ ದಪ ಸಾರ್ಗೆ ಕರೀರಿ" ಎನ್ನುತ್ತಿದ್ದಳು. ಎಷ್ಟು ಜನ ಕರೆದರೋ ನನಗೆ ಗೊತ್ತಿಲ್ಲ.

ಅವಳಿಗೆ ಒಂದು ಹುಚ್ಚಿತ್ತು. ಯಾವ ಗಿಡವನ್ನೂ ಯಾವಾಗೆಂದರೆ ಆವಾಗ ಮುಟ್ಟಬಾರದು. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸತರಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಚೀಲ ಹಿಡಿದು ದಂಟಿನಸೊಪ್ಪು ಕೀಳಲು ಹೋದಳು. ದೊಡ್ಡವ್ವ ಬದುವಿನ ಮೇಲಿಂದಲೇ ಕೂಗಿದಳಂತೆ: "ಮುಟ್ಬೇಡ ಕಣವ್ವ! ರಾತ್ರಿಯೆಲ್ಲ ಉಪಾಸ ಇದ್ದವೆ ಅವು. ಸಾಯಂಕಾಲ್ಕೆ ಬಾ, ಬಿಸ್ಲು ಉಂಡ್ಕಂಡು ಗಟ್ಟಿಯಾಗಿರ್ತವೆ." ಸಂಜೆ ಕಿತ್ತ ಸೊಪ್ಪು ಎರಡು ದಿನ ಬಾಡದೆ ಇತ್ತು. ನನ್ನ ಹೆಂಡತಿ ಆಮೇಲೆ ಒಂದು ದಿನವೂ ಬೆಳಿಗ್ಗೆ ಸೊಪ್ಪು ಕೀಳಲಿಲ್ಲ. ನಾನು ಹುಣಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವನು. ಎಲೆಯಲ್ಲಿ ಹಗಲು ಪಿಷ್ಟ ಸೇರುವುದು, ರಾತ್ರಿ ಅದು ಖರ್ಚಾಗುವುದು ನನಗೆ ಬಾಯಿಪಾಠ. ಆದರೂ ದಂಟಿನಸೊಪ್ಪಿಗೂ ಅದಕ್ಕೂ ಸಂಬಂಧ ಇದೆಯೆಂದು ನನಗೆ ಹೊಳೆದಿರಲಿಲ್ಲ.

ಅವರೆಯ ಎಲೆ ಸಂಜೆಯಾದರೆ ಇಳಿಬೀಳುತ್ತದೆ, ಬೆಳಗಾದರೆ ನಿಗುರುತ್ತದೆ. ಅದನ್ನು ನೋಡಿ ಅವಳು ಹೊತ್ತು ಹೇಳುತ್ತಿದ್ದಳು. ಒಂದು ದಿನ ನಾಲ್ಕು ಗಂಟೆಗೇ ಮೋಡ ಕವಿದು ಕತ್ತಲಾಗಿತ್ತು. ನಾನು ಮನೆಗೆ ಹೋಗೋಣ ಎಂದೆ. ಅವಳು ಗಿಡ ತೋರಿಸಿ, "ಇನ್ನೂ ಒತ್ತು ಅದೆ, ನೋಡು, ಎಲೆ ಇಳಿಬುಟ್ಟಿಲ್ಲ. ಇದ್ಕೂ ಒತ್ತು ಗೊತ್ತು ಕಣ್ಲಾ, ಮೋಡ ನೋಡಿ ಮೋಸ ಓಗಕ್ಕೆ ಇದೇನ್ ನೀನಾ?" ಎಂದಳು. ಮೊಬೈಲ್ ತೆಗೆದು ನೋಡಿದೆ. ನಾಲ್ಕೂಕಾಲು. ಅವಳು ಇನ್ನೊಂದು ಸಾಲು ಕಳೆ ಕಿತ್ತೇ ಎದ್ದಳು.

ಈಗ ದೀಪದ ಕಥೆ. ಇದನ್ನು ಬರೆಯಲು ಕೂತರೆ ಪೆನ್ನು ಹಿಡಿದ ಕೈಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ, ಯಾಕೆಂದರೆ ಅರ್ಜಿ ಬರೆದವನು ನಾನೇ.

ನಮ್ಮೂರ ಹೆಣ್ಣುಮಕ್ಕಳು ಹುಣಸೂರಿಗೆ ಓದಲಿಕ್ಕೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಗೇಟಿನಲ್ಲಿ ಇಳಿಯುತ್ತಿದ್ದರು. ಒಂದು ಬಲ್ಬೂ ಇರಲಿಲ್ಲ. ದೀಪ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಅರ್ಜಿಗೆ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು ದೊಡ್ಡವ್ವ. ಅದೇ ಕಪ್ಪು ಹೆಬ್ಬೆಟ್ಟು, ಇಂಕು ಬೇಕಾಗೇ ಇರಲಿಲ್ಲ ಎಂದು ನಾವೆಲ್ಲ ತಮಾಷೆ ಮಾಡಿದೆವು. ಒಂದು ಟ್ಯೂಬ್‌ಲೈಟು ಕೊಟ್ಟಿದ್ದರೆ ಸಾಕಿತ್ತು. ಬಂದದ್ದು ಹೈಮಾಸ್ಟ್ ಕಂಬ, ತೆಂಗಿನ ಮರದೆತ್ತರ, ತಲೆಯ ಮೇಲೆ ಸುತ್ತಲೂ ಆರು ದೀಪ. ನಿಲ್ಲಿಸಲು ರಸ್ತೆಯ ಅಂಚಿನಲ್ಲಿ ಚರಂಡಿ ಅಡ್ಡ ಬಂತು. ಪಂಚಾಯ್ತಿ ಅಧ್ಯಕ್ಷ ಬಂದು ದೊಡ್ಡವ್ವನನ್ನು ಹೊಲದ ಮೂಲೆಯಲ್ಲಿ ಜಾಗ ಕೇಳಿದ. "ನಾಕಡಿ ತಾನೇ, ಆಕ್ಕಳಿ ಬುಡಿ. ಎಣ್ಮಕ್ಳು ಇಳಿಯೋ ಜಾಗ" ಎಂದಳು. ಕಂಬಕ್ಕೆ ಹಾರ ಹಾಕಿದರು, ಪಟಾಕಿ ಹೊಡೆದರು, ಫ್ಲೆಕ್ಸಿನಲ್ಲಿ ಹನ್ನೆರಡು ಜನರ ಮುಖ. ಜಾಗ ಕೊಟ್ಟವಳ ಮುಖ ಅದರಲ್ಲಿ ಇರಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

ಆ ವರ್ಷ ಅವರೆ ಹಿಂದೆಂದೂ ಬೆಳೆಯದ ಹಾಗೆ ಬೆಳೆಯಿತು. ಸೊಂಟದೆತ್ತರ, ಕಡುಹಸಿರು, ಎಲೆಯೋ ಎಲೆ. ದೀಪಾವಳಿ ಬಂತು, ಹೂವಿಲ್ಲ. ಕಾರ್ತಿಕ ಕಳೆಯಿತು, ಹೂವಿಲ್ಲ. ಊರಾಚೆಯ ಹೊಲಗಳಲ್ಲಿ, ಅವಳೇ ಕೊಟ್ಟ ಬೀಜದ ಅವರೆ ಘಮ್ಮೆನ್ನುತ್ತಿತ್ತು. ಇವಳ ಹೊಲದಲ್ಲಿ ಒಂದು ಮೊಗ್ಗೂ ಇಲ್ಲ. ಜನರ ಬಾಯಿಗೆ ಕೇಳಬೇಕೆ? ಗೊಬ್ಬರ ಜಾಸ್ತಿಯಾಯಿತು ಎಂದರು. ಯಾರದೋ ಕಣ್ಣು ಬಿತ್ತು ಎಂದರು. ಒಂದು ಬೀಜದ ಕಂಪನಿಯ ಸಲಹೆಗಾರ ಬೈಕಿನಲ್ಲಿ ಬಂದವನು, ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ, "ಬೀಜ ಕುಲಗೆಟ್ಟಿದೆ ಅಜ್ಜಿ. ಹಳೇದಾಯ್ತು, ಬಿಸಾಕಿ. ನಮ್ಮ ತಳಿ ಹಾಕಿ, ವರ್ಷವಿಡೀ ಕಾಯಿ ಬಿಡುತ್ತೆ" ಎಂದು ಒಂದು ಪೊಟ್ಟಣ ಬದುವಿನ ಮೇಲಿಟ್ಟು ಹೋದ.

ಕುಲಗೆಟ್ಟಿದೆ! ನಲವತ್ತು ವರ್ಷ ಕೈಯಲ್ಲಿ ಆರಿಸಿ, ಬೂದಿ ಕಲಸಿ, ಮಡಕೆಯಲ್ಲಿಟ್ಟು ಕಾಪಾಡಿದ ಬೀಜಕ್ಕೆ ಅವನು ಆ ಮಾತು ಅಂದ. ಸುದ್ದಿ ಹಬ್ಬಿತು. ಮುಂದಿನ ಬಿತ್ತನೆಗೆ ಹಾರನಹಳ್ಳಿಯವರು ಬರಲಿಲ್ಲ, ಹಂಪಾಪುರದವರೂ ಬರಲಿಲ್ಲ. ಕಂಪನಿಯ ಪೊಟ್ಟಣ ತಗೊಂಡರು. ಒಬ್ಬನಾದರೂ ನಮ್ಮ ಹೊಲದಲ್ಲಿ ನಿಮ್ಮ ಬೀಜ ಚೆನ್ನಾಗೇ ಬಂದಿದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಮತ್ತೆ ನಾನೇನು ಕಡಿದು ಕಟ್ಟೆ ಹಾಕಿದೆ? ಹೂ ಬಿಡದ ಆ ಮೊದಲ ವರ್ಷವೇ ಹೊಲದಲ್ಲಿ ನಿಂತು ದೊಡ್ಡ ಮನುಷ್ಯನ ಹಾಗೆ, "ಸಾರಜನಕ ಜಾಸ್ತಿಯಾಗಿದೆ ದೊಡ್ಡವ್ವ" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ, ಕಂಬ ನೋಡುತ್ತಿದ್ದಳು. "ಅದೇನೂ ಅಲ್ಲ. ಗಿಡುಕ್ಕೆ ರಾತ್ರಿ ಆಯ್ತಾ ಇಲ್ಲ ಕಣ್ಲಾ. ಒತ್ತು ಮುಳುಗ್ತದೆ, ಇವು ಎಲೆ ಇಳಿಬುಟ್ಟು ಮನೀಕಬೇಕು ಅಂತವೆ, ಅಷ್ಟ್ರೊಳ್ಗೆ ಆ ಮುಂಡೇದು ಅತ್ಕತದೆ. ಇವು ಇನ್ನೂ ಆಸಾಡ ಅಂದ್ಕಂಡವೆ."

ನಾನು ನಕ್ಕೆ. ಹೌದು, ನಕ್ಕೆ. ಎಲೆ ಮಲಗುವುದು, ಗಿಡಕ್ಕೆ ಆಷಾಢ ಎನ್ನಿಸುವುದು, ಎಂಥ ಚಂದದ ಮಾತು ಎಂದುಕೊಂಡು ನಕ್ಕು ಮನೆಗೆ ಬಂದೆ.

ಹದಿನೈದು ದಿನ ಕಳೆದಿರಬಹುದು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಹ್ರಸ್ವ ದಿನ ಸಸ್ಯಗಳು. ಇಪ್ಪತ್ತೆರಡು ವರ್ಷದಿಂದ ಅದೇ ಪಾಠ, ಅದೇ ಸಾಲು. ಕೆಲವು ಗಿಡಗಳು ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಮಾತ್ರ ಹೂ ಬಿಡುತ್ತವೆ. ಎಲೆಯೊಳಗೆ ದಿನಕ್ಕೊಂದು ಸುತ್ತು ಸುತ್ತುವ ಗಡಿಯಾರ ಇರುತ್ತದೆ. ಆ ಗಡಿಯಾರ ಕತ್ತಲೆಂದು ಲೆಕ್ಕ ಹಾಕಿದ ಹೊತ್ತಿನಲ್ಲಿ ಬೆಳಕು ಬಿದ್ದರೆ, ರಾತ್ರಿ ಇನ್ನೂ ಚಿಕ್ಕದಿದೆ, ಕಾಲ ಬಂದಿಲ್ಲ ಎಂದು ಗಿಡ ತಿಳಿಯುತ್ತದೆ. ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ಉದಾಹರಣೆ: ಸೇವಂತಿಗೆ, ಸೋಯಾ, ಕೆಲವು ಜಾತಿಯ ಹೊಗೆಸೊಪ್ಪು. ಉದಾಹರಣೆ ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಅವಳು ಆಷಾಢ ಎಂದದ್ದು ಇದನ್ನೇ. ಪುಸ್ತಕದಲ್ಲಿ ಒಂದು ಪುಟ ಇದ್ದದ್ದನ್ನು ಅವಳು ಒಂದು ಮಾತಿನಲ್ಲಿ ಹೇಳಿದ್ದಳು. ಥೂ ನನ್ನ ಜನ್ಮಕ್ಕಿಷ್ಟು ಎಂದು ಚಾಕ್‌ಪೀಸ್ ಇಟ್ಟು ಹೊರಗೆ ಬಂದೆ.

ಸೀದಾ ಪಂಚಾಯ್ತಿ ಆಫೀಸಿಗೆ ಹೋದೆ. ಅಧ್ಯಕ್ಷ ಕಾಫಿ ತರಿಸಿದ, ಕುಡಿಯಲಿಲ್ಲ. ಆರು ದೀಪದಲ್ಲಿ ನಾಲ್ಕು ರಸ್ತೆಯ ಕಡೆಗಿವೆ, ಎರಡು ಮಾತ್ರ ಹೊಲದ ಕಡೆಗೆ. ಆ ಎರಡು ಯಾರಿಗೂ ಬೇಕಾಗಿಲ್ಲ. ಅವರೆ ಹೂವಾಗುವ ಎರಡು ಮೂರು ತಿಂಗಳು ಆ ಎರಡನ್ನು ಆರಿಸಿ, ಇಲ್ಲವೇ ಒಂದು ತಗಡಿನ ಮರೆ ಕಟ್ಟಿ ಎಂದು ಹೇಳಿದೆ.

"ಸಾರ್, ಅರ್ಜಿ ಬರ್ಕೊಟ್ಟೋರೇ ನೀವು. ಈಗ ನೀವೇ ಆರ್ಸಿ ಅಂತೀರಲ್ಲ?"

"ಆರಿಸಿ ಅಂತಿಲ್ಲ ಕಣ್ರೀ, ಆರರಲ್ಲಿ ಎರಡು."

"ಆರೂ ಒಂದೇ ಸ್ವಿಚ್ಚು ಸಾರ್. ಬಿಚ್ಚೋಕೆ ಮೇಲಿಂದ ಆರ್ಡರ್ ಬೇಕು. ಎಲ್ಡು ದೀಪ ಆರೋಗಿದ್ರೆ ಕೆಟ್ಟೋಯ್ತು ಅಂತ ಜನ ನಮ್ಮನ್ನ ಉಗೀತಾರೆ. ಒಂದ್ ಮುದ್ಕಿ ಅವ್ರೆಕಾಯ್ಗೋಸ್ಕರ ಊರ್ನೆಲ್ಲ ಕತ್ಲೆ ಮಾಡಾಕಾಯ್ತದಾ?"

ಊರನ್ನೆಲ್ಲ ಕತ್ತಲೆ ಮಾಡಿ ಎಂದವರು ಯಾರು? ಮೇಜು ಗುದ್ದಿ ಕೇಳಿದೆ. ಕಾಫಿ ಚೆಲ್ಲಿ ಅವನ ಕಾಗದದ ಮೇಲೆಲ್ಲ ಹರಿಯಿತು. ಅಷ್ಟೇ ಆದದ್ದು. ಮೇಲಿನವರಿಗೆ ಬರೆದೆ, ಉತ್ತರ ಬರಲಿಲ್ಲ. ಮತ್ತೆ ಬರೆದೆ. ದೀಪ ಹಾಕಿ ಎಂಬ ಅರ್ಜಿ ಒಂದೇ ಸಲಕ್ಕೆ ಮಂಜೂರಾಗಿತ್ತು. ಎರಡನ್ನು ಆರಿಸಿ ಎಂಬ ಅರ್ಜಿ ಯಾರ ಮೇಜಿನ ಕೆಳಗೆ ಸೇರಿತೋ ಇವತ್ತಿಗೂ ತಿಳಿಯದು.

ದೊಡ್ಡವ್ವ ಇದನ್ನೆಲ್ಲ ಕೇಳಿ, "ನಿನ್ ಬಾಯಿ ನೋಯ್ಸ್ಕಬೇಡ ಬುಡು" ಎಂದಳು. ಮತ್ತೆ ಬಿತ್ತನೆ ಹತ್ತಿರ ಬಂದಿತ್ತು, ಅವಳ ಚಿಂತೆ ಬೇರೆಯೇ ಇತ್ತು. ಮಡಕೆಯಲ್ಲಿ ಉಳಿದದ್ದು ಕಂಬ ಬರುವ ಮೊದಲಿನ ಬೀಜ. ಅವರೆ ಎರಡು ವರ್ಷ ಚೆನ್ನಾಗಿ ಹುಟ್ಟುತ್ತದೆ, ಮೂರನೆಯ ವರ್ಷಕ್ಕೆ ಅರ್ಧಕ್ಕರ್ಧ ಹುಳು ತಿಂದು, ಉಳಿದದ್ದು ಮಣ್ಣಲ್ಲೇ ಕೊಳೆಯುತ್ತದೆ. ಊರಿನವರು ಹೊಸ ಪೊಟ್ಟಣಕ್ಕೆ ತಿರುಗಿಕೊಂಡಿದ್ದರು. ಈ ಸಲ ಅವಳ ಹೊಲದಲ್ಲಿ ಕಾಯಿ ಆಗದಿದ್ದರೆ ಆ ಬೀಜ ಈ ಭೂಮಿಯ ಮೇಲೆ ಇರುವುದಿಲ್ಲ. ನನ್ನ ಹಿತ್ತಿಲಲ್ಲಿ ಹಾಕೋಣವೆಂದರೆ ಅಲ್ಲಿಗೂ ಆ ಕಂಬದ ಬೆಳಕು ಹಾಲು ಚೆಲ್ಲಿದ ಹಾಗೆ ಬೀಳುತ್ತಿತ್ತು. ಹಂಪಾಪುರದ ಕಡೆಯ ನನ್ನ ಹೆಂಡತಿಯ ಅಣ್ಣನನ್ನೋ, ದೂರದ ಬೇರೆ ಹೊಲದವರನ್ನೋ ಕೇಳೋಣ ಎಂದೆ. "ಕುಲಗೆಟ್ಟದೆ ಅಂದೋರ್ ಮನೆ ಬಾಗ್ಲಿಗೆ ನಾನ್ ಓಗಲ್ಲ" ಎಂದಳು. ಅವಳಿಗೂ ಸಿಟ್ಟು ಬರುತ್ತಿತ್ತು. ನನ್ನ ಹಾಗೆ ಮೇಜು ಗುದ್ದುತ್ತಿರಲಿಲ್ಲ, ಅಷ್ಟೇ.

ಆ ಎರಡನೆಯ ವರ್ಷ ಅವಳು ಮಾಡಿದ್ದನ್ನು ನೋಡಿ ಊರೇ ನಕ್ಕಿತು. ಬ್ಯಾರನ್ನಿನವರು ಬಿಸಾಕಿದ್ದ ಹಳೇ ಕರಿ ಟಾರ್ಪಾಲು, ಗೋಣಿತಾಟು ಎಲ್ಲ ಹೊತ್ತು ತಂದಳು. ಹೊಲದ ನಡುವಿನ ಮೂರು ಸಾಲಿಗೆ ಬಿದಿರಿನ ಕಮಾನು ನೆಟ್ಟಳು. ದಿನಾ ಸಂಜೆ ಅವರೆಯ ಎಲೆ ಇಳಿಬಿದ್ದ ಮೇಲೆ ಮುಚ್ಚುವುದು, ಬೆಳಿಗ್ಗೆ ಹೊತ್ತು ಹುಟ್ಟುವಾಗ ತೆಗೆಯುವುದು. ಉಳಿದ ಸಾಲುಗಳನ್ನು ಹಾಗೇ ಬಿಟ್ಟಳು. ಎಪ್ಪತ್ತು ದಾಟಿದ ಹೆಂಗಸು, ಒಂದು ದಿನ ತಪ್ಪಿಸಲಿಲ್ಲ. ನಾನು ಕಾಲೇಜಿನಿಂದ ಬೇಗ ಬಂದ ದಿನ ಕೈ ಹಾಕಲು ಹೋದರೆ, "ಈಗ್ಲೇ ಬ್ಯಾಡ, ಇನ್ನೂ ಎಚ್ರ ಅವೆ" ಎಂದು ತಡೆಯುತ್ತಿದ್ದಳು. ನಾವಿಬ್ಬರೂ ಬದುವಿನ ಮೇಲೆ ಕೂತು ಎಲೆ ಇಳಿಬೀಳುವುದನ್ನು ಕಾಯುತ್ತಿದ್ದೆವು. ಬಸ್ಸಿಳಿದು ಹೋಗುವವರು, "ಏನ್ ದೊಡ್ಡವ್ವ, ಅವ್ರೆಗೆ ಚಳಿನಾ? ಕಂಬ್ಳಿ ಒದಿಸ್ತಿದ್ದೀಯ!" ಎಂದು ನಗುತ್ತಿದ್ದರು. "ಊ ಕಣ್ಲಾ, ನಿನ್ಗೊಂದು ಒದಿಸ್ಲಾ?" ಎಂದು ಅವಳು ತಿರುಗಿ ಕೊಡುತ್ತಿದ್ದಳು.

ದೀಪಾವಳಿ ಕಳೆದು ಆರೇಳು ದಿನಕ್ಕೆ ಮುಚ್ಚಿದ ಮೂರು ಸಾಲು ಹೂಬಿಟ್ಟವು. ಮೂರು ಸಾಲೇ. ಪಕ್ಕದ ಸಾಲುಗಳಲ್ಲಿ, ಅದೇ ಬೀಜ, ಅದೇ ಮಣ್ಣು, ಅದೇ ಗೊಬ್ಬರ, ಒಂದು ಹೂವಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಕೊಟ್ಟಿದ್ದರೆ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಅವರು ಮಾಡುತ್ತಿರಲಿಲ್ಲ. ನಾನೂ ಮಾಡುತ್ತಿರಲಿಲ್ಲ. ಅವಳು ಹೂವಿನ ಗೊಂಚಲನ್ನು ಎರಡು ಬೆರಳಲ್ಲಿ ಹಿಡಿದು, "ಕುಲಗೆಟ್ಟಿರೋದು ಯಾವ್ದು ಅಂತ ಈಗ್ ಗೊತ್ತಾಯ್ತಾ?" ಎಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಜನ ನೋಡಲು ಬಂದರು, ಫೋನಿನಲ್ಲಿ ಪಟ ತೆಗೆದರು. ಆ ಸಲಹೆಗಾರನೂ ಬಂದ. ದೊಡ್ಡವ್ವ ಟಾರ್ಪಾಲು ಎಳೆಯುತ್ತಿರುವಾಗ ನಾಲ್ಕು ಪಟ ತೆಗೆದುಕೊಂಡ. ತಪ್ಪಾಯ್ತು ಅಜ್ಜಿ ಎಂದು ಹೇಳುತ್ತಾನೆಂದು ನಾನು ಕಾದೆ. ಹದಿನೈದು ದಿನಕ್ಕೆ ಸಂತೆಯಲ್ಲಿ ಅವನ ಕಂಪನಿಯ ಕರಪತ್ರ ಹಂಚಿದರು. ಮೇಲೆ ದೊಡ್ಡವ್ವನ ಪಟ, ಬೆನ್ನು ಬಗ್ಗಿಸಿ ಟಾರ್ಪಾಲು ಎಳೆಯುತ್ತಿರುವುದು. ಕೆಳಗೆ ದಪ್ಪಕ್ಷರದಲ್ಲಿ: ಇಷ್ಟು ಕಷ್ಟ ಏಕೆ? ನಮ್ಮ ತಳಿ ದೀಪದ ಕೆಳಗೂ ಹೂ ಬಿಡುತ್ತದೆ! ಅವಳು ಓದಲು ಬಾರದವಳು, ಪಟ ನೋಡಿ, "ನಂದಾ? ಚೆನ್ನಾಗ್ ಬಂದದೆ" ಎಂದಳು. ಏನು ಬರೆದಿದ್ದಾರೆ ಎಂದು ಕೇಳಿದಳು. ನಾನು ಹೇಳಲಿಲ್ಲ. ಅವರ ತಳಿ ಬಿಡುತ್ತದೆ, ಸುಳ್ಳಲ್ಲ. ಅದಕ್ಕೆ ಹಗಲು ರಾತ್ರಿಯ ಹಂಗಿಲ್ಲ. ಸೊಗಡೂ ಇಲ್ಲ, ಬೇಯಿಸಿದರೆ ಬಟಾಣಿಯಂತೆ ಇರುತ್ತದೆ. ತಿನ್ನುವವರು ತಿನ್ನಲಿ, ಹಾಳಾಗಿ ಹೋಗಲಿ. ಆದರೆ ಅವಳನ್ನು ತೋರಿಸಿ ಮಾರಿದರಲ್ಲ, ಅದನ್ನು ನಾನು ಕ್ಷಮಿಸುವುದಿಲ್ಲ. ಇಷ್ಟಾದ ಮೇಲೆ ಪಂಚಾಯ್ತಿಯವರು ಎರಡು ದೀಪ ಆರಿಸಿರಬೇಕು ಎಂದುಕೊಂಡಿರಾ? ಅಧ್ಯಕ್ಷ ಹೇಳಿದ್ದು: "ಟಾರ್ಪಾಲ್ ಆಕುದ್ರೆ ಸರಿಯೋಯ್ತದಲ್ಲ ಸಾರ್, ಮತ್ತಿನ್ನೇನು?"

ಡಿಸೆಂಬರಿನ ಒಂದು ಬೆಳಿಗ್ಗೆ, ಮಂಜಿನಲ್ಲಿ ನೆನೆದು ಭಾರವಾಗಿದ್ದ ಟಾರ್ಪಾಲು ಎಳೆಯುವಾಗ ದೊಡ್ಡವ್ವ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಮಲಗಿದಲ್ಲೇ ಎದೆಗೆ ಕಫ ಕಟ್ಟಿತು. ಮೂರನೆಯ ದಿನ ನನ್ನ ಕೈ ಹಿಡಿದು ಹೇಳಿದಳು: "ಮುಚ್ಚಿದ್ ಸಾಲ್ನಾಗಿರೋ ಕಾಯಿ ಯಾರೂ ಮುಟ್ಬೇಡಿ. ಗಿಡುದಲ್ಲೇ ಒಣಗ್ಲಿ. ಬೀಜುಕ್ಕೆ." ನಾನು ಹೂಂ ಎಂದೆ. ಅವಳಿಗೆ ಅಷ್ಟು ಸಾಲಲಿಲ್ಲ. "ಎಲ್ರುಗೂ ಏಳು" ಎಂದಳು. ಹೇಳುತ್ತೇನೆ ಎಂದೆ. ಮರುದಿನ ಬೆಳಗಿನ ಜಾವ ಹೋಗಿಬಿಟ್ಟಳು.

ನಾನು ಯಾರಿಗೂ ಹೇಳಲಿಲ್ಲ. ಆಂಬುಲೆನ್ಸು, ಊರು, ಸಂಬಂಧಿಕರಿಗೆ ಫೋನು, ಮಣ್ಣು, ಹಾಲುತುಪ್ಪ, ಈ ಓಡಾಟದಲ್ಲಿ ಆ ಒಂದು ಮಾತು ನನ್ನ ತಲೆಯಿಂದ ಹಾರಿಹೋಯಿತು. ಮರೆಯುವಂಥದ್ದೇ ಅದು? ಯಾವನ ಹೆಸರು, ಯಾವ ಅರ್ಜಿ, ಯಾವ ತಾರೀಖು, ಎಲ್ಲ ನೆನಪಿಟ್ಟುಕೊಂಡು ಊರ ಮೇಲೆ ಹಲ್ಲು ಕಡಿಯುವ ನಾನು, ಅವಳು ಕೇಳಿದ್ದ ಒಂದೇ ಒಂದು ಕೆಲಸ ಮರೆತೆ.

ಹನ್ನೊಂದನೆಯ ದಿನ ತಿಥಿ. ಹೊಲದ ಬದುವಿನಲ್ಲೇ ಮಣ್ಣು ಮಾಡಿದ್ದೆವು, ಅಲ್ಲೇ ಗೇಟಿನ ಪಕ್ಕ ಶಾಮಿಯಾನ. ಪೂಜೆಯ ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವುದು ನಮ್ಮಲ್ಲಿ ರೂಢಿ. ನಾನು ಊಟಕ್ಕೆ ಕೂತೆ. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಮೂಗಿಗೆ ಬಡಿದದ್ದು ಆ ಸೊಗಡು. ಊರಿನಲ್ಲಿ ಆ ವರ್ಷ ಆ ವಾಸನೆಯ ಅವರೆ ಇದ್ದದ್ದು ಒಂದೇ ಜಾಗದಲ್ಲಿ.

ಎಲೆ ಮುಂದಿನಿಂದ ಎದ್ದೆ. "ಯಾವ ಕಾಯಿ ಇದು? ಯಾರು ಕಿತ್ತಿದ್ದು?" ಎಂದು ಕೂಗಿದ್ದಕ್ಕೆ ಶಾಮಿಯಾನವೆಲ್ಲ ತಿರುಗಿ ನೋಡಿತು.

ಕೆ.ಆರ್. ನಗರದ ಅಕ್ಕ ಸಾರಿನ ಬಕೆಟ್ಟು ಹಿಡಿದೇ ಬಂದಳು. ಅತ್ತೂ ಅತ್ತೂ ಕಣ್ಣು ಊದಿದ್ದವು. "ನಾನೇ ಕಣಪ್ಪ ಕಿತ್ಸಿದ್ದು, ಮುಚ್ಚಿದ್ವಲ್ಲ, ಆ ಮೂರ್ ಸಾಲು. ಅವ್ವುಂಗೆ ಇತುಕಿದ್ ಬ್ಯಾಳೆ ಅಂದ್ರೆ ಪ್ರಾಣ. ಅವ್ಳೇ ಬೆಳ್ದಿದ್ದು ಅವ್ಳೇ ಉಣ್ಲಿ ಅಂತ. ಗಿಡ ಸಮೇತ ಕಿತ್ಕಂಡ್ ಬಂದು ಎಲ್ರೂ ಬುಡಿಸ್ಕಂಡ್ ಕುಂತಿದ್ವಿ. ಯಾಕ್ಲಾ, ಏನಾಯ್ತು?"

ಅವಳ ಮೇಲೆ ಹೇಗೆ ಸಿಟ್ಟಾಗಲಿ? ಹೇಳಬೇಕಾಗಿದ್ದವನು ನಾನು. ಆಸ್ಪತ್ರೆಯ ಮಾತನ್ನು ಆಗ ಹೇಳಿದೆ. ಅಕ್ಕ ಬಕೆಟ್ಟು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಇನ್ನೂರು ಜನ ಆ ಬೀಜವನ್ನು ಉಂಡಿದ್ದರು. ಸಾರು ತುಂಬ ಚೆನ್ನಾಗಿದೆ ಎಂದು ಅಧ್ಯಕ್ಷ ಎರಡನೆಯ ಸಲ ಹಾಕಿಸಿಕೊಂಡಿದ್ದ.

ಮೊದಲು ಎದ್ದವಳು ನನ್ನ ಹೆಂಡತಿ. "ಬಲ್ತೋಗಿರೋ ಕಾಯ್ನ ಇತುಕಾಕಾಗಲ್ಲ ಅಂತ ಸಿಪ್ಪೆ ಜೊತೆ ಎಸ್ದಿದ್ರು, ನಾನ್ ನೋಡ್ದೆ" ಎಂದಳು. ಸಿಪ್ಪೆ, ಗಿಡ ಎಲ್ಲ ಕೊಟ್ಟಿಗೆಯ ಪಕ್ಕದ ತಿಪ್ಪೆಗೆ ಹೋಗಿತ್ತು, ಅರ್ಧ ದನದ ಹೊಟ್ಟೆ ಸೇರಿತ್ತು. ಅಕ್ಕ ಸೆರಗು ಸಿಕ್ಕಿಸಿಕೊಂಡು ತಿಪ್ಪೆಗೆ ಇಳಿದಳು. ಅವಳ ಹಿಂದೆ ಅಡುಗೆಯ ಹೆಂಗಸರು, ನಾನು, ನನ್ನ ಹೆಂಡತಿ. ಹೆಂಗಸರು ತಿಥಿಗೆ ಉಟ್ಟ ಸೀರೆಯಲ್ಲೇ ಮೊಣಕಾಲೂರಿ ಕೂತು ಒಂದೊಂದು ಸಿಪ್ಪೆ ಹಿಸುಕಿ ನೋಡಿದರು. ಹೊತ್ತು ಮುಳುಗಿತು. ಗೇಟಿನ ಆರು ದೀಪವೂ ಹತ್ತಿಕೊಂಡವು. ಆ ದರಿದ್ರ ಬೆಳಕಿನಲ್ಲೇ ಹುಡುಕಿದೆವು. ಅದಿಲ್ಲದಿದ್ದರೆ ಕೊನೆಯ ಹತ್ತು ಹದಿನೈದು ಕಾಯಿ ಕಾಣುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಿಕ್ಕಿದ್ದು ಒಂದು ಹಿಡಿ ಬಲಿತ ಕಾಳು. ಬೊಗಸೆಯಲ್ಲ, ಹಿಡಿ. ಎಲ್ಲರ ಬೆರಳೂ ಕಪ್ಪಾಗಿದ್ದವು.

ಆ ಕಾಳನ್ನು ನೆರಳಲ್ಲಿ ಒಣಗಿಸಿ, ಬೂದಿಯಲ್ಲಿಟ್ಟು, ಮುಂದಿನ ಮಳೆಗೆ ಹಂಪಾಪುರದ ಹತ್ತಿರ ನನ್ನ ಹೆಂಡತಿಯ ಅಣ್ಣನ ಹೊಲದಲ್ಲಿ ಹಾಕಿದೆ. ಸುತ್ತ ಒಂದು ಕಂಬವೂ ಕಾಣದ ಜಾಗ. ಅರ್ಧದಷ್ಟು ಹುಟ್ಟಿದವು. ಕಾರ್ತಿಕದಲ್ಲಿ, ಯಾವ ಟಾರ್ಪಾಲೂ ಇಲ್ಲದೆ, ತಮ್ಮ ಪಾಡಿಗೆ ತಾವು ಹೂಬಿಟ್ಟವು. ನಾನು ಬದುವಿನ ಮೇಲೆ ಕೂತು ಅತ್ತೆ. ಒಂದು ಕಾಯಿಯನ್ನೂ ತಿನ್ನಲಿಲ್ಲ, ತಿನ್ನಲು ಬಿಡಲೂ ಇಲ್ಲ. ಬಂದ ಬೀಜವನ್ನು ಮರುವರ್ಷ ಮತ್ತೆ ಅಲ್ಲೇ ಹಾಕಿದೆ. ಈಗ ಒಂದು ಡಬ್ಬ ತುಂಬಿದೆ.

ಸುದ್ದಿ ಹೇಗೋ ಹರಡಿದೆ. ಕಂಪನಿಯ ಕಾಯಿ ತಿಂದು ನಾಲಿಗೆ ಕೆಟ್ಟವರು ಮತ್ತೆ ಬರುತ್ತಿದ್ದಾರೆ. ಮೊನ್ನೆ ಹಾರನಹಳ್ಳಿಯಿಂದ ಇಬ್ಬರು ಬಂದಿದ್ದರು. ಹೊಲದ ಹತ್ತಿರ ದೀಪ ಇದೆಯ ಎಂದು ಕೇಳಿ, ಇಲ್ಲ ಎಂದ ಮೇಲೆ ಒಂದೊಂದು ಬೊಗಸೆ ಕೊಟ್ಟೆ. ಸಾರಿಗೆ ಕರೆಯಿರಿ ಎಂದೂ ಹೇಳಿದೆ.

ಹೋದ ವಾರ ಅಧ್ಯಕ್ಷ ಬಂದ. ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಅವನಿಗೂ ಒಂದು ಬೊಗಸೆ ಬೇಕು ಎಂದ. ಆ ತಿಥಿಯ ಸಾರು ಇನ್ನೂ ನಾಲಿಗೆ ಮೇಲಿದೆಯಂತೆ.

"ಎರಡು ದೀಪ ಆರಿಸಿ ಬನ್ನಿ, ಕೊಡ್ತೀನಿ" ಎಂದೆ.

ಅವನು ತಮಾಷೆ ಎಂದುಕೊಂಡು ನಕ್ಕ. ನಾನು ನಗದೇ ಇದ್ದದ್ದನ್ನು ನೋಡಿ ಮುಖ ಗಂಟಿಕ್ಕಿದ. "ಏನ್ ಸಾರ್ ಒಂದು ಬೊಗ್ಸೆ ಬೀಜುಕ್ಕೆ ಇಷ್ಟೊಂದು? ನಿಮ್ ದೊಡ್ಡವ್ವ ಯಾರ್ಗೂ ಇಲ್ಲ ಅಂದೋರಲ್ಲ."

"ಹೌದು. ನೀವು ಕಂಬಕ್ಕೆ ಜಾಗ ಕೇಳಿದಾಗಲೂ ಇಲ್ಲ ಅನ್ನಲಿಲ್ಲ" ಎಂದು ಹೇಳಿ, ಡಬ್ಬದ ಮುಚ್ಚಳ ಹಾಕಿ ಒಳಗೆ ತೆಗೆದುಕೊಂಡು ಹೋದೆ.